ಬಳಿ ಹೆಚ್ಚ್ಯಾವ್ರಿ

ನಮ್ಮ ಅಂಗಡ್ಯಾಗ ಬಳಿ ಎಂದೂ ಒಡೀಲಿಲ್ಲ. ಹೆಚ್ಚತಿದ್ವು.

ಶಹಾಪುರದ ಬಜಾರದಾಗ ನಮ್ಮದು ಬಳಿ ಅಂಗಡಿ ಇತ್ತು. ನಾ ಸುರಪುರದಿಂದ ಲಗ್ನ ಆಗಿ ಬಂದ ಹೊಸದ್ರಾಗ ನಮ್ಮತ್ತಿ ನನ್ನ ಕರ್ಕೊಂಡು ಹೋಗಿ ಗಾದಿ ಮ್ಯಾಲ ಕೂಡಿಸಿದ್ಳು. ಮೊದಲ್ನೇ ಗಿರಾಕಿ ಕೈಗಿ ಇಡಾಕ ಹೋದೆ, ಬಳಿ ಚಟ್ ಅಂತು. "ಅಯ್ಯಯ್ಯ, ಒಡೀತು" ಅಂದೆ. ನಮ್ಮತ್ತಿ ಆ ಗಿರಾಕಿ ಮುಂದೇ ನನ್ನ ಬಾಯಿ ಮ್ಯಾಲ ಟಪ್ ಅಂತ ಬಡದ್ಳು. "ಏ ಹುಡುಗಿ, ಮುತ್ತೈದಿ ಬಾಯಾಗ ಬರೂ ಮಾತೇನ ಅದು? ಬಳಿ ಒಡಿಯೂದು ಗಂಡ ಸತ್ತಾಕಿದು. ನಮ್ಮದು ಹೆಚ್ಚತಾವ. ಅನ್ನು, ಹೆಚ್ಚಿತು ಅನ್ನು" ಅಂದ್ಳು. ತುಟಿ ಉರೀತಿತ್ತು. ಅಂದೆ. ಆವತ್ತಿನಿಂದ ಆ ಹಾಳಾದ ಮಾತು ನನ್ನ ಬಾಯಾಗ ಮತ್ತ ಬರ್ಲಿಲ್ಲ.

ಬಳಿಗಷ್ಟೇ ಅಲ್ಲ. ಡಬ್ಬ್ಯಾಗ ಜ್ವಾಳ ತೀರಿದ್ರ ತೀರ್ಯಾವ ಅನ್ನಂಗಿಲ್ಲ, ಹೆಚ್ಚ್ಯಾವ ಅನ್ಬೇಕು. ಕುಂಕುಮ ಖಾಲಿ ಆದ್ರೂ ಹೆಚ್ಚಿತು. ದೀಪ ಆರಸು ಅನ್ನಂಗಿಲ್ಲ, ಶಾಂತ ಮಾಡು ಅನ್ಬೇಕು. ನಮ್ಮ ಕಡಿ ಹೆಣ್ಮಕ್ಕಳಿಗಿ ಇದನ್ನ ಯಾರೂ ಕಲಸಂಗಿಲ್ಲ, ಹಾಲಿನ ಕೂಡ ಬರ್ತದ. ನನಗ ಮಾತ್ರ ಒಂದು ಏಟು ಬಿದ್ದು ಬಂತು. ಅತ್ತಿ ಈಗ ಇಲ್ಲ. ಇದ್ದಿದ್ರ ಕೇಳತಿದ್ದೆ, ನೀ ಬಡದಿದ್ದು ಒಂದು ಏಟಲ್ಲವ್ವಾ, ನನ್ನ ಸಂಸಾರಕ್ಕೇ ಬಡದಿ ಅಂತ. ಹಂಗ ಅಂದ್ರೂ ಆಕಿದು ತಪ್ಪಲ್ಲ ಅಂತ ನನಗ ಗೊತ್ತದ. ಸಿಟ್ಟಿಗಿ ಯಾರರೆ ಬೇಕಲ್ಲ.

ನಮ್ಮನಿಯವ್ರಿಗಿ ಬಳಿ ಬಿಟ್ರ ಬ್ಯಾರೆ ಕೆಲಸ ಬರಂಗಿಲ್ಲ. ಖರೆ ಹೇಳ್ತೀನಿ, ಮನ್ಯಾಗ ಒಂದು ಮೊಳಿ ಹೊಡಿ ಅಂದ್ರ ಬೆರಳು ಜಜ್ಜಿಕೊಂಡು ಕುಂಡ್ರೂ ಗಂಡಸು. ಆದ್ರ ಬಳಿ ಇಡೂದ್ರಾಗ ಅವ್ರ ಕೈ ಕೈ. ಗಿರಾಕಿ ಅಂಗೈ ಹಿಡದು, ಹೆಬ್ಬೆರಳ ಬುಡ ಒಳಗ ಮಡಚಿ, ಏನರೆ ಒಂದು ನಗೂ ಮಾತು ಆಡೂದ್ರಾಗ ಬಳಿ ಮಣಿಕಟ್ಟಿಗಿ ಇಳದಿರ್ತಿತ್ತು. ಕೊಡೇಕಲ್‌ಗಿ ಹೋಗೂ ಮಂದಿ ಶಹಾಪುರದಾಗ ಇಳದು, "ಅಣ್ಣಾರ ಕೈಲೇ ಇಡಸ್ಕೋತೀವ್ರಿ" ಅಂತ ಪಾಳಿ ಹಚ್ಚತಿದ್ರು. ನಾ ಲೆಕ್ಕ, ಡಬ್ಬಿ, ಗಲ್ಲಾ ನೋಡ್ಕೊತಿದ್ದೆ. ಹತ್ತನೇತ್ತೆ ಪಾಸ್ ಆದಾಕಿ ಅಂತ ಅದೊಂದು ಜಂಬ ನನಗ.

ಒಂದು ವರ್ಷ ಲಗ್ನ ಬಾಳ ಇದ್ವು. ನಮ್ಮನಿಯವ್ರಿಗಿ ಆಸಿ ಹುಟ್ಟಿತು. ಹೈದ್ರಾಬಾದಿನ ಶೇಠನ ಹತ್ರ ಒಂದು ಟೆಂಪೊ ತುಂಬ ಮಾಲು ಉದ್ರಿ ತಗೊಂಡ್ರು. ಹಸಿರು, ಕೆಂಪು, ಚುಕ್ಕಿದು, ಎಲ್ಲಾ ಗಾಜಿಂದು. "ಇಷ್ಟ್ಯಾಕ್ರಿ?" ಅಂದೆ. "ಏ, ಸುಮ್ನಿರು, ಇದ್ದ ಮುತ್ತೈದೇರ ಕೈ ಸಾಲಂಗಿಲ್ಲ ಈ ಸಲ" ಅಂತ ನಕ್ರು.

ಟೆಂಪೊ ಯಾದಗಿರಿ ದಾಟಿ, ಭೀಮಾ ಹೊಳಿ ಸೇತುವಿ ದಾಟಿ, ವಡಗೇರಾ ಕಡಿ ತಿರುಗೂ ಹಾದಿ ಹತ್ರ ಬಂದು ಉರುಳಿಬಿತ್ತು. ನಡಕ ಎಮ್ಮಿ ಬಂತಂತ. ಫೋನ್ ಬಂದಕೂಡ್ಲೇ ಆಟೋ ಮಾಡ್ಕೊಂಡು ಇಬ್ರೂ ಹೋದ್ವಿ. ಹಾದಿ ತುಂಬ ಗಾಜು. ಬಿಸಿಲಾಗ ಹೊಳಿಯಾಕತ್ತಿತ್ತು, ನೋಡಾಕ ಚಂದನ ಕಾಣತಿತ್ತು, ಹಾಳಾದ್ದು. ಡ್ರೈವರ್ ಕಾಲು ಮುರಕೊಂಡು ಗಿಡದ ಕೆಳಗ ನರಳಾಕತ್ತಿದ್ದ. ನಮ್ಮನಿಯವ್ರು ಒಂದು ಡಬ್ಬಿ ಎತ್ತಿ ಅಲುಗಿಸಿದ್ರು. ಒಳಗ ಝಲ್ ಅಂತು. ಇನ್ನೊಂದು ಎತ್ತಿದ್ರು. ಅದೂ ಝಲ್. ಹಾದಿ ನಡಕ ಕುಂತುಬಿಟ್ರು.

"ಎಲ್ಲಾ ಹೆಚ್ಚಿದ್ವೇನ್ರಿ?" ಅಂದೆ.

"ಎಲ್ಲಾ ಹೆಚ್ಚಿದ್ವು" ಅಂದ್ರು.

ನೋಡ್ರಿ, ಅಂಥಾ ಹೊತ್ತಿನಾಗೂ ಇಬ್ರ ಬಾಯಾಗೂ ಆ ಮಾತು ಬರ್ಲಿಲ್ಲ.

ಪೊಲೀಸರು ಬಂದು ಕೇಸ್ ಮಾಡೂದೇನು ಅಂತ ಕೇಳಿದ್ರು. ನಮ್ಮನಿಯವ್ರು ಆ ಡ್ರೈವರನ ಮಾರಿ ನೋಡಿ, "ಬ್ಯಾಡ್ರಿ, ಸಣ್ಣ ಮಕ್ಕಳವ ಅಂತ, ಮೊದ್ಲೇ ಕಾಲು ಹೋಗ್ಯಾದ" ಅಂದ್ರು. ಕೇಸಿಲ್ಲ, ಪಂಚನಾಮಿ ಇಲ್ಲ. ಈ ದೊಡ್ಡ ಮನಸಿನ ಮ್ಯಾಲ ನನಗ ಇವತ್ತಿಗೂ ಕಿಚ್ಚದ. ಒಂದು ಹಾಳಿ ಬರಸಿದ್ರ ಅವನ ಕಾಲೇನು ಮತ್ತೊಮ್ಮಿ ಮುರೀತಿತ್ತೇನು?

ಮುತ್ತೈದೇರ ಬಳಿ ಚೂರು ಮಂದಿ ಕಾಲಾಗ ಬೀಳಬಾರ್ದು. ಕೈಗಿ ಸಿಕ್ಕಷ್ಟು ಗೋಣಿಚೀಲದಾಗ ತುಂಬಿ ಮನಿಗಿ ತಂದ್ವಿ. ಮರುದಿನ ಇವ್ರು ಸೇತುವಿಗಿ ಹೋಗಿ ಎಲ್ಲಾ ಹೊಳಿಗಿ ಕಳಸಿ ಬಂದ್ರು. ನಮ್ಮ ಕಡಿ ಹೊಳಿಗಿ ಒಗದ್ವಿ ಅನ್ನಂಗಿಲ್ಲ, ಕಳಸಿದ್ವಿ ಅಂತೀವಿ. ಇದೂ ನೆನಪಿಟ್ಕೊಳ್ರಿ, ಮುಂದ ಬರ್ತದ.

ಶೇಠ ಮೊದ್ಲು ಫೋನ್ ಹಚ್ಚಿ ಪಾಪ ಅಂದ. ಆಮ್ಯಾಲ ರೊಕ್ಕ ಅಂದ. ಆಮ್ಯಾಲ ಬರೇ ರೊಕ್ಕ ಅಂದ. ನನ್ನ ಬಂಗಾರದ ಪಾಟ್ಲಿ ಹೋದ್ವು, ಕೊರಳಾಗಿನ ಬೋರಮಾಳ ಹೋತು, ಅಂಗಡ್ಯಾಗ ಉಳಿದಿದ್ದ ಮಾಲು ಅವನ ಮಂದೀನ ಬಂದು ತುಂಬಕೊಂಡು ಹೋದ್ರು. ಅಂಗಡಿ ಬಾಗಲಾ ಹಾಕಿದ್ವಿ. ಬಾಕಿ ಇನ್ನೂ ಗುಡ್ಡದಷ್ಟಿತ್ತು. ಆಗ ಯಾದಗಿರಿಯ ಒಬ್ರು ವಕೀಲ್ರು, ಬಣ್ಣ ಹೋದ ಕರೀ ಕೋಟಿನವ್ರು, "ಐಪಿ ಹಾಕ್ರಿ" ಅಂದ್ರು.

ಐಪಿ ಅಂದ್ರ ದಿವಾಳಿ ಅರ್ಜಿ. ನನ್ನ ಹತ್ರ ಕೊಡಾಕ ಏನೂ ಉಳಿದಿಲ್ಲ ಅಂತ ಕೋರ್ಟಿಗಿ ಬರದು ಕೊಡೂದು. ಕೋರ್ಟು ಒಬ್ಬ ರಿಸೀವರ್‌ನ ನೇಮಸ್ತದ. ಅಂವ ಇದ್ದದ್ದು ಇಲ್ಲದ್ದು ಎಲ್ಲಾ ವಿಚಾರಿಸಿ ಕೋರ್ಟಿಗಿ ಬರದು ಕೊಡ್ತಾನ. ಎಲ್ಲಾ ಖರೆ ಇದ್ರ ಕಡೀಕ ಬಿಡುಗಡಿ ಸಿಗ್ತದ. ಬಿಡುಗಡಿ ಸಿಕ್ರ ಹಳೇ ಬಾಕಿ ಹರೀತು, ನಮ್ಮನಿಯವ್ರು ಮತ್ತ ತಮ್ಮ ಹೆಸರಿಲೇ ಗಾದಿ ಮ್ಯಾಲ ಕುಂತು ಬಳಿ ಇಡಬಹುದು. "ಆದ್ರ ತಂಗಿ," ಅಂದ್ರು ವಕೀಲ್ರು ನನ್ನ ಕಡಿ ತಿರುಗಿ, "ಒಂದು ಖೊಟ್ಟಿ ಮಾತು ಬಂತಂದ್ರ ಮುಗೀತು. ಮಾಲು ಮುಚ್ಚಿಟ್ಟಾರ ಅಂತ ಕೋರ್ಟಿಗಿ ಅನಿಸಿದ್ರ ಬಿಡುಗಡಿ ಇಲ್ಲ. ಖರೆ ಹೇಳ್ರಿ, ಅಷ್ಟೇ."

ಖರೆ ಹೇಳಾಕ ನಮಗೇನು ಭಾರ? ಊರ ಮಂದಿ ಐಪಿ ಹಾಕ್ಯಾನ, ಐಪಿ ಹಾಕ್ಯಾನ ಅಂತ ಮೂಗು ಮುಚ್ಚಿಕೊಂಡು ಅಡ್ಡಾಡಿದ್ರು. ಅಡ್ಡಾಡ್ಲಿ ಅಂದೆ. ಖರೆ ನಮ್ಮ ಕಡಿ ಅದ ಅಂತ ಗುಂಡಕಲ್ಲಿನಂಗ ಕುಂತಿದ್ದೆ.

ರಿಸೀವರ್ ಆಗಿ ಬಂದಾಂವ ಒಬ್ಬ ಸಣ್ಣ ವಯಸ್ಸಿನ ವಕೀಲ, ದಕ್ಷಿಣದ ಕಡಿಯಾಂವ. ಬಾಳ ಸಭ್ಯ. ಅಮ್ಮಾ ಅಮ್ಮಾ ಅಂತಿದ್ದ, ಕುರ್ಚಿ ಹಾಕಿ ಕೂಡಿಸಿ ನೀರು ಕೊಟ್ಟ. ಮೊದ್ಲು ಇವ್ರನ್ನ ಬರೇ ಸಾಲದ ಲೆಕ್ಕ ಕೇಳಿ ಹೊರಗ ಕಳಸಿದ. ಮಾಲಿನ ಲೆಕ್ಕ ನನ್ನ ಕೈಯಾಗಿತ್ತಂತ ಆಮ್ಯಾಲ ನನ್ನ ಕರದ. ನಮ್ಮ ವಕೀಲ್ರು ಅದೇ ಹೊತ್ತಿಗಿ ಬ್ಯಾರೆ ಕೇಸಿಗಿ ಓಡಿದ್ರು. ಅಂವ ಕೇಳೂದು ಕನ್ನಡದಾಗ, ಬರಿಯೂದು ಇಂಗ್ಲಿಷಿನಾಗ.

"ಅಮ್ಮಾ, ಹೈದರಾಬಾದಿನಿಂದ ತರಿಸಿದ ಮಾಲು ಏನಾಯಿತು?"

"ಹೆಚ್ಚಿತ್ರಿ."

ಅಂವ ಪೆನ್ನು ನಿಲ್ಲಿಸಿ ನನ್ನ ಮಾರಿ ನೋಡಿದ. "ಹೆಚ್ಚಿತೇ?"

"ಹೌದ್ರಿ, ಒಂದು ಡಬ್ಬಿ ಬಿಡ್ಲಿಲ್ಲ. ಎಲ್ಲಾ ಹೆಚ್ಚಿತ್ರಿ."

"ಸರಿ. ಆಮೇಲೆ ಅದನ್ನು ಏನು ಮಾಡಿದಿರಿ?"

"ಗೋಣಿಚೀಲದಾಗ ತುಂಬಿ ಮನಿಗಿ ತಂದ್ವಿರಿ. ಮರುದಿನ ಕಳಸಿಬಿಟ್ವಿ."

"ಯಾರಿಗಾದರೂ ತೋರಿಸಿದಿರಾ? ಶೇಠರ ಕಡೆಯವರಿಗೆ?"

"ಅಂಥಾದ್ದು ಮಂದಿಗಿ ತೋರಿಸೂದೇನ್ರಿ!" ಅಂದೆ. ಎಷ್ಟು ಹಗುರಾಗಿ ಅಂದೆ ಅಂತೀರಿ.

ಅಂವ ತಲಿ ತಗ್ಗಿಸಿ ಬರಕೋತ ಹೋದ. ಆಮ್ಯಾಲ ಎಲ್ಲಾ ಇಂಗ್ಲಿಷಿನಾಗ ಗಡಗಡ ಓದಿ, ಸರಿ ಇದೆಯಲ್ಲಮ್ಮಾ ಅಂದ. ಹೌದ್ರಿ ಅಂದು ಸಹಿ ಮಾಡಿದೆ. ಹೊರಗ ಬಂದು ನಮ್ಮನಿಯವ್ರಿಗಿ, "ಎಲ್ಲಾ ಖರೆ ಹೇಳೇನ್ರಿ, ಒಂದು ಅಕ್ಷರ ಮುಚ್ಚಿಲ್ಲ" ಅಂದೆ. ಆವತ್ತು ಬಸ್‌ಸ್ಟ್ಯಾಂಡಿನಾಗ ಮಿರ್ಚಿ ತಿಂದು ಊರಿಗಿ ಬಂದ್ವಿ. ಬಾಳ ದಿವಸದ ಮ್ಯಾಲ ಬಾಯಿಗಿ ರುಚಿ ಹತ್ತಿತ್ತು.

ತಾರೀಖಿನ ಮ್ಯಾಲ ತಾರೀಖು ಬಿದ್ವು. ಆ ನಡಕ ನಮ್ಮನಿಯವ್ರಿಗಿ ಎದಿನೋವು ಬಂತು. ದವಾಖಾನ್ಯಾಗ ಇಟ್ಟು, ಗುಳಿಗಿ ಬರದು ಕೊಟ್ಟು, ಒಂದು ಗುಳಿಗಿ ಯಾವಾಗ್ಲೂ ಅಂಗಿ ಕಿಸೇದಾಗ ಇರ್ಲಿ, ನೋವು ಬಂದ್ರ ನಾಲಗಿ ಕೆಳಗ ಇಟ್ಕೊಳ್ರಿ ಅಂತ ಕಳಸಿದ್ರು. ಅವತ್ತಿನಿಂದ ನಾ ಅವ್ರ ಕಿಸೆ ನೋಡೂದು, ಅವ್ರ ಮಾರಿ ನೋಡೂದು, ಇದೇ ಕೆಲಸ ಆತು. ನಿದ್ದಿ ಮಾಡಿದ್ರ ಉಸಿರು ನೋಡತಿದ್ದೆ.

ಬಿಡುಗಡಿ ಅರ್ಜಿ ವಿಚಾರಣಿ ಬಂತು. ಶೇಠನ ಕಡಿ ನಿಂತ ವಕೀಲ ಯಾರು ಅಂತೀರಿ? ನಮ್ಮ ಶಹಾಪುರದಾಂವ. ಅವನ ಹೆಂಡ್ತಿ, ಅವನ ಸೊಸಿ, ಎಲ್ಲಾ ನಮ್ಮ ಅಂಗಡಿ ಗಿರಾಕಿ. ಬಸರಿ ಮಗಳ ಕುಬಸಕ್ಕ ಬಳಿ ಒಯ್ಯಾಕ ತಾನೇ ಬಂದು ನಮ್ಮ ಗಾದಿ ಮ್ಯಾಲ ಕುಂತು ಚಾ ಕುಡದಾಂವ. ಅಂವ ಎದ್ದು ನಿಂತು ನನ್ನ ಹೇಳಿಕಿ ಇಂಗ್ಲಿಷಿನಾಗ ಓದಿದ. ಆಮ್ಯಾಲ, ನಮಗ ತಿಳೀಲಿ ಅಂತನೋ ಏನೋ, ಪುಸ್ತಕದ ಕನ್ನಡದಾಗ ಬಿಡಿಸಿ ಹೇಳಿದ. "ಮಾಲು ಹೆಚ್ಚಾಯಿತು. ಪೂರ್ತಿ ಹೆಚ್ಚಾಯಿತು. ಚೀಲಗಳಲ್ಲಿ ತುಂಬಿ ಮನೆಗೆ ತಂದೆವು. ಮರುದಿನ ಬೇರೆಡೆಗೆ ಕಳುಹಿಸಿದೆವು. ಯಾರಿಗೂ ತೋರಿಸಲಿಲ್ಲ. ಅರ್ಜಿಯಲ್ಲಿ ಮಾಲು ನಾಶವಾಯಿತು ಅಂತ ಗಂಡ ಬರೀತಾನೆ ಸ್ವಾಮಿ, ಹೆಂಡತಿ ಬೆಳೆಯಿತು ಅಂತಾಳೆ."

ನಾ ಎದ್ದು ನಿಂತೆ. "ಅಣ್ಣಾರ, ಹೆಚ್ಚಿತು ಅಂದ್ರ ಏನಂತ ನಿಮಗ ಗೊತ್ತಿಲ್ಲೇನ್ರಿ? ನಿಮ್ಮ ಮನ್ಯಾಗ ಏನಂತಾರ್ರಿ?" ಅಂದೆ. ಅಂವ ನನ್ನ ಕಡಿ ನೋಡ್ಲಿಲ್ಲ, ಕಾಗದ ಜೋಡಿಸಾಕತ್ತ. ಜಡ್ಜ್ ಸಾಹೇಬ್ರು, ಅವ್ರೂ ದೂರದ ಜಿಲ್ಲಾದವ್ರು, "ಕೂತ್ಕೊಳ್ಳಿ ಅಮ್ಮಾ" ಅಂದ್ರು. ಅವನಿಗಿ ಗೊತ್ತಿತ್ತು. ನಾ ಹಾಲು ಮುಟ್ಟಿ ಆಣಿ ಮಾಡ್ತೀನಿ, ಅವನಿಗಿ ಗೊತ್ತಿತ್ತು. ಆದ್ರ ಅಂವ ಒಂದೂ ಸುಳ್ಳು ಹೇಳ್ಲಿಲ್ಲ. ಬರದದ್ದು ಓದಿದ, ಅಷ್ಟೇ.

ಕೋರ್ಟಿನ ಬೇವಿನ ಗಿಡದ ಕೆಳಗ ನಮ್ಮ ವಕೀಲ್ರು ನನ್ನ ಮ್ಯಾಲ ಹರಿಹಾಯ್ದ್ರು. "ಏನ್ ತಂಗಿ ಇದು! ಒಡದ್ವು ಅನ್ನಾಕ ಏನಾಗಿತ್ತು ನಿನಗ?" ಅಂದ್ರು. ಆಮ್ಯಾಲ ನನ್ನ ಮಾರಿ ನೋಡಿ ದನಿ ಇಳಿಸಿದ್ರು. "ಇರ್ಲಿ. ಆ ಡ್ರೈವರನ ಪತ್ತೆ ಇಲ್ಲ, ನಿನ್ನ ಮತ್ತ ಸಾಕ್ಷಿಗಿ ಕರಸಾಕ ಅರ್ಜಿ ಹಾಕ್ತೀನಿ. ಕಟಕಟ್ಯಾಗ ನಿಂತು, ಬಳಿ ಒಡದ್ವು, ಹೆಚ್ಚಿತು ಅಂದ್ರ ನಮ್ಮ ಕಡಿ ಒಡೀತು ಅಂತ ಅರ್ಥ, ಮುತ್ತೈದೇರು ಹಂಗ ಅನ್ನಂಗಿಲ್ಲ, ಹಿಂಗ ಬಿಚ್ಚಿ ಹೇಳು. ಜಡ್ಜ್ ಒಳ್ಳೇ ಮನುಷ್ಯಾ, ತಿಳ್ಕೊತಾನ. ಮೂರು ಅಕ್ಷರ ಅದ. ಅಂದುಬಿಡು."

ಮೂರು ಅಕ್ಷರ. ಅವ್ರಿಗೇನು, ಕೋಟು ಹಾಕ್ಕೊಂಡ ಗಂಡಸರಿಗಿ. ಕಿಸೇದಾಗ ಎದಿ ಗುಳಿಗಿ ಇಟ್ಕೊಂಡ ಗಂಡ ಎದುರಿಗಿ ಕುಂತಿರ್ತಾನ, ನಾ ದೇವರ ಮ್ಯಾಲ ಆಣಿ ಮಾಡಿ, ನನ್ನ ಬಳಿ ಒಡದ್ವು ಅನ್ಬೇಕು. ಇಂಥಾದ್ರಾಗ ನಂಬಿಕಿ ಇಲ್ಲ ಅಂತ ಯಾರರೆ ಅಂದ್ರ, ಬರ್ರಿ, ನನ್ನ ಜಾಗದಾಗ ಒಂದು ದಿನ ನಿಂದರ್ರಿ ಅಂತೀನಿ. ಅಬ್ಬೆತುಮಕೂರಿನ ಮಠಕ್ಕ ಹೋಗಿ ಗದ್ದಗಿ ಮುಂದ ತಲಿ ಹಚ್ಚಿ ಅತ್ತೆ. ಒಂದು ಮಾತು ಅಂತೀನಿ, ಬಾಯಿಲೇ ಅಂತೀನಿ, ಮನಸಿಲೇ ಅಲ್ಲ, ಕೇಳಿಸ್ಕೋಬ್ಯಾಡ ನಮ್ಮಪ್ಪಾ ಅಂತ ಬೇಡ್ಕೊಂಡೆ.

ಸಾಕ್ಷಿ ದಿನ ಶಹಾಪುರದಿಂದ ಬಸ್ ಹತ್ತಿದ್ವಿ. ನಮ್ಮನಿಯವ್ರು ಕಿಟಕಿ ಕಡಿ ಕುಂತು ನನಗ ಪಾಠ ಹೇಳಾಕತ್ತಿದ್ರು.

"ಅನ್ನು ನೋಡಮು. ಒಡದ್ವು."

"ಅಲ್ಲೇ ಅಂತೀನ್ರಿ. ಇಲ್ಲೇನು ಜಡ್ಜ್ ಕುಂತಾನ?"

"ಏ, ಅಲ್ಲಿ ಹೋಗಿ ನೀ ಮತ್ತ ಹೆಚ್ಚತೀ. ನಿನ್ನ ನಾ ಬಲ್ಲೆ." ಆಮ್ಯಾಲ ನಗಕೋತ, "ಲೇ, ಒಂದು ಮಾತಿಗಿ ಸಾಯೂ ಗಂಡಸಲ್ಲ ನಾ. ಶೇಠನಂಥಾ ಶೇಠನ ಬೈಗಳ ತಿಂದು ಬದಕೇನಿ, ನಿನ್ನ ಮೂರು ಅಕ್ಷರಕ್ಕ ಹೋಗ್ತೀನೇನು?" ಅಂದ್ರು.

ನಾ ನಗಲಿಲ್ಲ. ಬಸ್ಸು ಟೆಂಪೊ ಉರುಳಿದ ಜಾಗಕ್ಕ ಬಂತು. ಆ ಜಾಗ ದಾಟಿದ ಮ್ಯಾಲ ಅವ್ರು ನನ್ನ ಕಡಿ ನೋಡದೇ, "ಅಂಗಡಿ ಮತ್ತ ತಗದ್ರ ಮೊದಲ್ನೇ ಡಜನ್ ನಿನ್ನ ಕೈಗಿ ಇಡ್ತೀನಿ" ಅಂದ್ರು. ಆ ಮಾತಿಗಿ ನನಗ ಧೈರ್ಯ ಬಂತು. ಬ್ಯಾರೆ ಯಾವುದಕ್ಕೂ ಅಲ್ಲ.

ಕಟಕಟಿ ಹತ್ತಿದೆ. ಆಣಿ ಮಾಡಿಸಿದ್ರು. ನಮ್ಮ ವಕೀಲ್ರು ಕೇಳಿದ್ರು, "ಮಾಲು ಏನಾತು, ಬಿಡಿಸಿ ಹೇಳ್ರಿ."

ಬಾಯಿ ತಗದೆ. ಬರ್ಲಿಲ್ಲ. ಅತ್ತಿ ಕೈ ತುಟಿ ಮ್ಯಾಲ ಬಿದ್ದಂಗ ಆತು. ಬೆಂಚಿನ ಮ್ಯಾಲ ಇವ್ರು ಕುಂತಿದ್ರು, ಕಿಸೆ ಮ್ಯಾಲ ಕೈ ಇಟ್ಕೊಂಡು. ತಲಿ ಹಾಕಿದ್ರು, ಅನ್ನು ಅಂತ.

"ಒಡದ್ವು" ಅಂದೆ.

"ಜೋರಾಗಿ ಹೇಳಿ ಅಮ್ಮಾ, ಕೇಳಿಸ್ತಿಲ್ಲ" ಅಂದ್ರು ಜಡ್ಜ್.

"ಒಡದ್ವುರಿ! ಎಲ್ಲಾ ಒಡದ್ವು! ಹೆಚ್ಚಿತು ಅಂದ್ರ ಅದೇರಿ! ಮುತ್ತೈದೇರು ಆ ಮಾತು ಅನ್ನಬಾರ್ದ್ರಿ, ಅದಕ ಹೆಚ್ಚಿತು ಅಂತೀವಿ. ಚೂರು ತುಂಬಿ ಹೊಳಿಗಿ ಬಿಟ್ವಿ, ಮಾರಿಲ್ಲ, ಮುಚ್ಚಿಲ್ಲ!"

ಜಡ್ಜ್ ಸಾಹೇಬ್ರು ಪೆನ್ನು ಕೆಳಗಿಟ್ಟು ನನ್ನ ನೋಡಿದ್ರು. ಅವ್ರ ಮಾರಿ ಮ್ಯಾಲ ತಿಳದಂಗ ಕಂಡಿತು. ಖರೇನ ಕಂಡಿತು, ನನ್ನ ಭ್ರಮಿ ಅಲ್ಲ. ನಮ್ಮನಿಯವ್ರು ಬೆಂಚಿನ ಮ್ಯಾಲ ಗಟ್ಟಿ ಕುಂತಿದ್ರು, ಏನೂ ಆಗಿದ್ದಿಲ್ಲ. ಮುಗೀತು, ಗೆದ್ವಿ ಅಂದ್ಕೊಂಡೆ.

ಆಗ ಶಹಾಪುರದ ವಕೀಲ ಎದ್ದ.

"ಬಾಯಾರ, ಒಡದ್ವು ಅನ್ನೂ ಮಾತು ರಿಸೀವರ್ ಮುಂದ ಕುಂತಾಗ ನಿಮಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು."

"ಮತ್ಯಾಕ ಅನ್ನಲಿಲ್ಲ?"

"ಮುತ್ತೈದಿ ಅನ್ನಬಾರ್ದ್ರಿ. ಹೇಳೀನಲ್ಲ."

"ಯಾವಾಗೂ ಅನ್ನಂಗಿಲ್ಲೇನ್ರಿ?"

"ಯಾವಾಗೂ ಅನ್ನಂಗಿಲ್ಲ."

"ಈಗ ಅಂದ್ರಲ್ರಿ. ಗಂಡ ಎದುರಿಗೇ ಕುಂತಾನ, ಅವನ ಮುಂದೇ ಅಂದ್ರಿ." ಅಂವ ಜಡ್ಜ್ ಕಡಿ ತಿರುಗಿದ. "ನೋಡಿ ಸ್ವಾಮಿ, ಅಂಥಾ ಕಟ್ಟುನಿಟ್ಟಿನ ಪದ್ಧತಿ ಇದ್ದಿದ್ರೆ ಇವತ್ತೂ ಬಾಯಲ್ಲಿ ಬರಬಾರದಿತ್ತು. ಬೇಕಾದಾಗ ಪದ್ಧತಿ, ಬೇಡಾದಾಗ ಇಲ್ಲ. ವಕೀಲರು ಹೇಳಿಕೊಟ್ಟ ಮಾತಿದು."

ಯವ್ವಾ, ಆ ಹೊತ್ತಿನಾಗ ನನಗೇನಾತು ಅಂತ ಹ್ಯಾಂಗ ಹೇಳ್ಲಿ. ಅನ್ನದಿದ್ರ ಸುಳ್ಳುಗಾತಿ, ಅಂದ್ರೂ ಸುಳ್ಳುಗಾತಿ. ಎದಿಯಿಂದ ಕಿತ್ತು ತಂದ ಮಾತು ಅದು. ಅದನ್ನೇ ಹಿಡದು ನನಗ ಹೊಡದ. "ನಿನ್ನ ಮಗಳ ಕುಬಸದ ಬಳಿ ಕೇಳಲೋ, ಹೇಳ್ತಾವ!" ಅಂತ ಚೀರಿ ಬಲಗೈಲೇ ಕಟಕಟಿ ಕಟ್ಟಿಗಿ ಬಡದೆ.

ಝಲ್ ಅಂತು.

ಹಸಿರು ಚೂರು ಕೆಳಗ ಬಿದ್ವು, ಒಂದೆರಡು ಟೈಪ್ ಮಾಡೂ ಹುಡುಗಿ ಟೇಬಲ್ ಮ್ಯಾಲ ಸಿಡದ್ವು. ಮಣಿಕಟ್ಟಿನಾಗ ರಕ್ತ ಬಂತು. ಬಲಗೈ ಬರೇ ಆತು. ಕೋರ್ಟಿನಾಗಿನ ಹೆಣ್ಮಕ್ಕಳು ತಮ್ಮ ಬಳಿ ಮ್ಯಾಲ ಕೈ ಇಟ್ಕೊಂಡ್ರು. ನಮ್ಮನಿಯವ್ರು ಎದ್ದು ನಿಂತಿದ್ರು.

"ಏನಾಯಿತಮ್ಮಾ?" ಅಂದ್ರು ಜಡ್ಜ್.

ಆ ಮಾತು ಅನ್ಲ್ಯೋ, ಈ ಮಾತು ಅನ್ಲ್ಯೋ? ಎರಡೂ ಅವ್ರು ಬರಕೊಂಡು ಕುಂತಿದ್ರಲ್ಲ. ಕೈ ಸೆರಗಿನಾಗ ಮುಚ್ಚಿಕೊಂಡು ಇಳದೆ.

ಮಧ್ಯಾಹ್ನದ ಮ್ಯಾಲ ಹೇಳ್ತೀವಿ ಅಂದ್ರು. ಬೇವಿನ ಗಿಡದ ಕೆಳಗ ಕುಂತ್ವಿ. ಇವ್ರು ಬೈಯಲಿಲ್ಲ. ನನ್ನ ಬಲಗೈ ಮಣಿಕಟ್ಟು ತಮ್ಮ ಕೈಯಾಗ ಹಿಡಕೊಂಡು ಕುಂತ್ರು, ಬರೇ ಕೈ ಯಾರಿಗೂ ಕಾಣಬಾರ್ದು ಅನ್ನೂವಂಗ. "ಎದಿ ಹ್ಯಾಂಗದರಿ?" ಅಂತ ಕೇಳೂದು, "ಏನಾಗಿಲ್ಲ, ಸುಮ್ನಿರು" ಅನ್ನೂದು, ಇಷ್ಟೇ ನಡದಿತ್ತು. ಬಿಡುಗಡಿ ಸಿಗ್ಲಿ, ಸಿಗ್ಲಿ, ಇಲ್ಲದಿದ್ರ ನಾ ಆ ಮಾತು ಅಂದದ್ದು ಬರೇ ಅವ್ರ ಆಯುಷ್ಯದ ಮ್ಯಾಲ ಬಿತ್ತಲ್ಲ ಅಂತ ಇದೊಂದೇ ತಲ್ಯಾಗ.

ಜಡ್ಜ್ ಸಾಹೇಬ್ರು ಇಂಗ್ಲಿಷಿನಾಗ ಬರಸಿದ್ರು, ಕಡೀಕ ನಮ್ಮ ಕಡಿ ನೋಡಿ ಕನ್ನಡದಾಗ ಹೇಳಿದ್ರು. ಸಿಟ್ಟಿದ್ದಿಲ್ಲ ಅವ್ರ ದನ್ಯಾಗ. ಸಾಕ್ಷಿ ಸಹಿ ಮಾಡಿ ಒಂದು ಮಾತು, ಪ್ರಮಾಣ ಮಾಡಿ ಒಂದು ಮಾತು ಹೇಳ್ಯಾಳ, ಒಂದು ಇನ್ನೊಂದಕ್ಕ ಹೊಂದಂಗಿಲ್ಲ. ಟೆಂಪೊ ಉರುಳಿದ್ದಕ್ಕ ಪಂಚನಾಮಿ ಇಲ್ಲ. ಚೂರು ಇಲ್ಲ. ಪದ್ಧತಿ ಅದ ಅಂತ ಒಪ್ಪಿದ್ರೂ, ಅದೇ ಸಾಕ್ಷಿ ಅದನ್ನ ಮೀರ್ಯಾಳ. ಮಾಲು ಎಲ್ಲಿ ಹೋತು ಅನ್ನೂದಕ್ಕ ಕೋರ್ಟಿಗಿ ಸಮಾಧಾನ ಆಗಿಲ್ಲ. ಬಿಡುಗಡಿ ಕೊಡಾಕ ಬರಂಗಿಲ್ಲ.

ಹೊರಗ ಬಂದ ಮ್ಯಾಲ ನಮ್ಮ ವಕೀಲ್ರು ಕಲಬುರಗಿ ಹೈಕೋರ್ಟಿಗಿ ಹೋಗಮು ಅಂದ್ರು. ಯಾರ ರೊಕ್ಕಲೇ ಅಂತ ನಾ ಕೇಳಲಿಲ್ಲ. ಆಮ್ಯಾಲ ಅವ್ರು ಇವ್ರ ಹೆಗಲ ಮ್ಯಾಲ ಕೈ ಇಟ್ಟು, "ಒಂದು ಮಾತು ನೆನಪಿಡ್ರಿ. ಇನ್ನ ಮ್ಯಾಲ ಯಾರ ಹತ್ರರೆ ಐವತ್ತು ರೂಪಾಯಿ ಇಲ್ಲಾ ಅದರ ಮ್ಯಾಲ ಉದ್ರಿ ತಗೊಂಡ್ರ, ಮೊದ್ಲು ನಾ ದಿವಾಳಿ ಆದಾಂವ, ಬಿಡುಗಡಿ ಸಿಕ್ಕಿಲ್ಲ ಅಂತ ಹೇಳ್ಬೇಕು. ಹೇಳದಿದ್ರ ಅದೂ ಗುನ್ಹೆ" ಅಂದ್ರು.

ಇವ್ರು ಹೌದ್ರಿ ಅಂದ್ರು. ಮೂವತ್ತು ವರ್ಷ ಊರ ಹೆಣ್ಮಕ್ಕಳ ಕೈ ಹಿಡದ ಮನುಷ್ಯಾ, ಎರಡೂ ಕೈ ಎಲ್ಲಿ ಇಡ್ಬೇಕು ಅಂತ ತಿಳೀದೇ ನಿಂತಿದ್ರು.

ಬಸ್‌ಸ್ಟ್ಯಾಂಡಿಗಿ ನಡದು ಬಂದ್ವಿ. ಹಾದ್ಯಾಗ ಒಂದು ಬಳಿ ಅಂಗಡಿ ಇತ್ತು, ಸಣ್ಣದು, ಒಂದು ಬಾಗಲಿಂದು. ಒಬ್ಬ ಹೆಣ್ಮಗಳು ಕುಂತಿದ್ಳು, ಗುರುತಿಲ್ಲ, ಪರಿಚಯ ಇಲ್ಲ. ಇವ್ರು ನಿಂತ್ರು. "ಬರೇ ಕೈಲೇ ಬಸ್ ಹತ್ತಬ್ಯಾಡ" ಅಂದ್ರು.

"ರೊಕ್ಕ?" ಅಂದೆ. ಬಸ್ ಚಾರ್ಜ್ ತಗದ್ರ ಏನೂ ಉಳೀತಿದ್ದಿಲ್ಲ.

ಇವ್ರು ಅಂಗಡಿ ಮೆಟ್ಟಲಾ ಹತ್ತಿ, ಆಕಿ ಏನು ಬೇಕ್ರಿ ಅನ್ನೂದ್ರೊಳಗ, ಕೋರ್ಟಿನಾಗ ನಿಂತಂಗ ನೆಟ್ಟಗ ನಿಂತು ಹೇಳಿದ್ರು. "ತಂಗಿ, ಮೊದ್ಲೇ ಹೇಳ್ತೀನಿ ಕೇಳವ್ವಾ. ನಾ ದಿವಾಳಿ ಆದಾಂವ. ಇವತ್ತು ಬಿಡುಗಡಿ ಇಲ್ಲ ಅಂದಾರ. ಒಂದು ಡಜನ್ ಹಸಿರು ಬಳಿ ಉದ್ರಿ ಬೇಕು. ಕೊಟ್ರ ಕೊಡು, ಇಲ್ಲಂದ್ರ ಇಲ್ಲ ಅನ್ನು, ಬ್ಯಾಸರಿಲ್ಲ."

ನನಗ ನೆಲ ಬಾಯಿ ತಗೀಬಾರ್ದಾ ಅನಿಸಿತು. ಆಕಿ ಅವ್ರನ್ನ ನೋಡಿದ್ಳು, ಹುಚ್ಚನೋ ಏನೋ ಅಂತ. ಆಮ್ಯಾಲ ನನ್ನ ನೋಡಿದ್ಳು. ಸೆರಗಿಗಿ ರಕ್ತ ಹತ್ತಿತ್ತು. ಮೆಲ್ಲಕ ಸೆರಗು ಸರಿಸಿ ಕೈ ಹೊರಗ ತಗದ್ಳು.

"ಏನಾತಕ್ಕಾ ಕೈಗಿ?" ಅಂದ್ಳು.

"ಹೆಚ್ಚಿದ್ವು, ತಂಗಿ" ಅಂದೆ.

ಆಕಿ ಮತ್ತೇನೂ ಕೇಳಲಿಲ್ಲ. ಎಷ್ಟು ಹೆಚ್ಚಿದ್ವು, ಹ್ಯಾಂಗ ಹೆಚ್ಚಿದ್ವು, ಎಲ್ಲಿ ಕಳಸಿದ್ರಿ, ಒಂದೂ ಕೇಳಲಿಲ್ಲ. ಅಯ್ಯ ಪಾಪ, ಬರ್ರಿ ಅಂತ ಗಾದಿ ಮ್ಯಾಲ ಕೂಡಿಸಿ, ಹಸಿ ಬಟ್ಟಿಲೇ ಮಣಿಕಟ್ಟು ಒರಸಿ, ಹಸಿರು ಬಳಿ ಸರ ಇಳಿಸಿದ್ಳು. ನಮ್ಮನಿಯವ್ರು, "ನಾ ಇಡ್ಲೇನವ್ವಾ?" ಅಂತ ಕೇಳಿದ್ರು. ಆಕಿ ಸರದು ಜಾಗಾ ಬಿಟ್ಳು.

ರಿಸೀವರ್ ಮುಂದ ನಾ ಹೇಳಿದ್ದೂ ಇದೊಂದೇ ಮಾತಿತ್ತು.